ವಾರಕ್ಕೊಂದು ನೀರು ತುಂಬುವ ಹಬ್ಬ

ನಂದಿಬೆಟ್ಟದ ಮೇಲೆ ನಿಂತು ದಕ್ಷಿಣಕ್ಕೆ ಕಣ್ಣು ಹಾಯಿಸಿದರೆ ಕಾಣುವ ಬಯಲು ನದಿಗಳ ತವರುಮನೆಯ ಅಂಗಳ. ಆ ಬೆಟ್ಟಸಾಲಿನಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಗೆ ಇಳಿಯುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ಹಾದಿ ಹಿಡಿದು ತಮಿಳುನಾಡು ಸೇರುತ್ತದೆ. ಪಶ್ಚಿಮದಂಚಿನ ಶಿವಗಂಗೆ ಬೆಟ್ಟದಲ್ಲಿ ಕುಮುದ್ವತಿಯ ಹುಟ್ಟು. ಇಷ್ಟೆಲ್ಲ ನದಿಗಳ ನಡುವೆ ಹಬ್ಬಿಕೊಂಡಿರುವ ನಾಲ್ಕು ತಾಲ್ಲೂಕುಗಳ ಜಿಲ್ಲೆ ಬೆಂಗಳೂರು ಗ್ರಾಮಾಂತರ. 1986ರಲ್ಲಿ ಹುಟ್ಟಿ, 2007ರಲ್ಲಿ ರಾಮನಗರವನ್ನು ಬಿಟ್ಟುಕೊಟ್ಟ ಈ ಜಿಲ್ಲೆಗೆ ‘ಬೆಂಗಳೂರು ಉತ್ತರ’ ಎಂದು ಹೆಸರಿಡಲು 2025ರ ಜುಲೈನಲ್ಲಿ ನಂದಿಬೆಟ್ಟದಲ್ಲೇ ಸೇರಿದ್ದ ಸಚಿವ ಸಂಪುಟ ಒಪ್ಪಿತು. ಹೆಸರು ಯಾವುದಾದರೇನು, ಈ ಸೀಮೆಯ ಮನೆಗಳಲ್ಲಿ ದಿನ ಬೆಳಗಾದರೆ ಏಳುವ ಪ್ರಶ್ನೆ ಒಂದೇ: ಇವತ್ತು ನೀರು ಬರುತ್ತದೆಯೇ?

ಅರ್ಕಾವತಿಯ ನೀರು ಈ ಜಿಲ್ಲೆಯ ಬಾಯಾರಿಕೆಗಿಂತ ಬೆಂಗಳೂರಿನ ಬಾಯಾರಿಕೆಗೆ ಹೆಚ್ಚು ಒದಗಿತು. 1894ರಲ್ಲಿ ಹೆಸರಘಟ್ಟದಿಂದ, 1933ರಿಂದ ತಿಪ್ಪಗೊಂಡನಹಳ್ಳಿಯಿಂದ ರಾಜಧಾನಿಯ ನಲ್ಲಿಗಳಿಗೆ ಹರಿದದ್ದು ಇದೇ ನದಿ. ಕಾಲ ಉರುಳಿತು. ಕೆರೆಗೆ ನೀರು ತರುತ್ತಿದ್ದ ಕಾಲುವೆಗಳು ಮುಚ್ಚಿದವು. ತೆರೆದ ಬಾವಿಗಳು ಕಸದ ಗುಂಡಿಗಳಾದವು. ಕೊಳವೆಬಾವಿಗಳು ಸಾವಿರ ಅಡಿ ದಾಟಿ ಕೆಳಗಿಳಿದವು. ನಾಲ್ಕೂ ತಾಲ್ಲೂಕುಗಳನ್ನು ಅಂತರ್ಜಲದ ಅತಿಬಳಕೆಯ ಪಟ್ಟಿಗೆ ಸೇರಿಸಲಾಗಿದೆ. ಬೆಂಗಳೂರಿನಲ್ಲಿ ಬಳಸಿ ಬಿಟ್ಟ ನೀರನ್ನೇ ಸಂಸ್ಕರಿಸಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ದೇವನಹಳ್ಳಿ ತಾಲ್ಲೂಕಿನ ಕೆಲವು ಕೆರೆಗಳಿಗೆ ಹರಿಸಿದ್ದೂ ಆಯಿತು. ಕೊಟ್ಟ ನೀರು ಹೀಗೆ ಬೇರೆ ರೂಪದಲ್ಲಿ ವಾಪಸು ಬಂತು.

ನೀರಿನ ಈ ದೊಡ್ಡ ಕಥೆ ಕೆರೆ, ಕಾಲುವೆ, ಯೋಜನೆಗಳದ್ದು. ಅದೇ ಕಥೆಯ ಒಂದು ಸಣ್ಣ ಅಧ್ಯಾಯ ಪ್ರತಿ ಮನೆಯ ಬಚ್ಚಲ ಪಕ್ಕದಲ್ಲಿ, ನೀಲಿ ಡ್ರಮ್ಮಿನೊಳಗೆ ಇದೆ. ಅದನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ.

ಮಗ್ಗದ ಮನೆಯ ಡ್ರಮ್ಮುಗಳು

ದೊಡ್ಡಬಳ್ಳಾಪುರ ನೇಕಾರರ ಊರು. ಹಳೆಯ ಬೀದಿಗಳಲ್ಲಿ ನಡೆದು ಹೋಗುವವರ ಕಿವಿಗೆ ಮೊದಲು ಬೀಳುವುದು ವಿದ್ಯುತ್ ಮಗ್ಗದ ಸದ್ದು. ಎಷ್ಟೋ ಮನೆಗಳಲ್ಲಿ ಮಗ್ಗ ಬೇರೆ, ಮನೆ ಬೇರೆ ಎಂಬುದಿಲ್ಲ. ಮುಂದಿನ ಅಂಕಣದಲ್ಲಿ ಮಗ್ಗ, ಹಿಂದಿನ ಅಂಕಣದಲ್ಲಿ ಅಡುಗೆ. ನಡುವಿನ ಓಣಿಯಲ್ಲಿ ಸಾಲಾಗಿ ನಿಂತ ಡ್ರಮ್ಮು, ಬಿಂದಿಗೆ, ಬಕೆಟ್ಟು.

ಈ ಊರಿಗೂ ನೆರೆಯ ಚಿಕ್ಕಬಳ್ಳಾಪುರಕ್ಕೂ ಜಕ್ಕಲಮಡಗು ಜಲಾಶಯದ ನೀರು ಹಂಚಿಕೆಯಾಗುತ್ತದೆ. ಸಾಲದ್ದಕ್ಕೆ ಕೊಳವೆಬಾವಿ, ಅದೂ ಸಾಲದಿದ್ದರೆ ಟ್ಯಾಂಕರು. ನಲ್ಲಿ ದಿನಾ ಬರದ ಊರಿನಲ್ಲಿ, ಬಂದ ದಿನ ಸಿಕ್ಕಿದ್ದಕ್ಕೆಲ್ಲ ತುಂಬಿಟ್ಟುಕೊಳ್ಳುವುದು ದುರಾಸೆಯೇನಲ್ಲ, ಸಂಸಾರಸ್ಥರ ಜಾಣತನ. ಊಟದ ತಟ್ಟೆ ಒಂದನ್ನು ಬಿಟ್ಟು ಮಿಕ್ಕೆಲ್ಲ ಪಾತ್ರೆಗಳಲ್ಲೂ ನೀರಿರುತ್ತದೆ ಎಂದು ಹೆಂಗಸರು ನಗುವುದುಂಟು.

ಆ ನಗುವಿನ ಹಿಂದೆ ಎಷ್ಟು ಭಾರವಿದೆ ಎಂದು ಲೆಕ್ಕ ಹಾಕಬಹುದು. 2019ರಲ್ಲಿ ಆರಂಭವಾದ ಜಲಜೀವನ್ ಮಿಷನ್ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಗುರಿ ಇಟ್ಟಿತು. ಐವರ ಮನೆಗೆ 275 ಲೀಟರ್. ಹದಿನೈದು ಲೀಟರಿನ ಪ್ಲಾಸ್ಟಿಕ್ ಕೊಡದಲ್ಲಿ ಅಳೆದರೆ ಹದಿನೆಂಟು ಕೊಡಕ್ಕೂ ಹೆಚ್ಚು. ಬೀದಿ ನಲ್ಲಿಯಿಂದ ತರುವ ಮನೆಯಲ್ಲಿ ಇಷ್ಟನ್ನೂ ಎರಡು ಸಲ ಎತ್ತಬೇಕು. ಹೊತ್ತು ತಂದು ಡ್ರಮ್ಮಿಗೆ ಸುರಿಯುವುದು ಒಂದು ಸಲ. ಡ್ರಮ್ಮಿಗೆ ಬಗ್ಗಿ ಚೊಂಬಿನಲ್ಲೋ ಬಕೆಟ್ಟಿನಲ್ಲೋ ಮೊಗೆದು ತೆಗೆಯುವುದು ಇನ್ನೊಂದು ಸಲ. ಇನ್ನೂರು ಲೀಟರಿನ ಡ್ರಮ್ಮು ಸುಮಾರು ಮೂರಡಿ ಎತ್ತರ. ನೀರು ತಳ ಕಂಡಾಗ ಅರ್ಧ ಮೈಯನ್ನೇ ಒಳಗಿಳಿಸಿ ಮೊಗೆಯಬೇಕು. ಸೊಂಟ ನೋವೆಂದು ಸಂಜೆ ಗೋಡೆಗೆ ಒರಗುವವರಲ್ಲಿ ಎಷ್ಟೋ ಮಂದಿಗೆ ಆ ನೋವಿನ ಮೂಲ ಡ್ರಮ್ಮಿನ ತಳದಲ್ಲಿದೆ ಎಂದು ಹೊಳೆದಿರುವುದಿಲ್ಲ.

ವರ್ಷಕ್ಕೊಮ್ಮೆಯ ಹಬ್ಬ

ಹಿಂದೆ ನೀರನ್ನು ಹೀಗೆ ಕೂಡಿಡುವ ರೂಢಿ ಇರಲಿಲ್ಲ. ಬಾವಿಯಲ್ಲಿ ಬೆಳಗಿನ ನೀರು ಬೆಳಗ್ಗೆ, ಸಂಜೆಯ ನೀರು ಸಂಜೆ. ಬಚ್ಚಲ ಹಂಡೆಯ ನೀರು ಒಲೆ ಹೊತ್ತಿದಾಗ ಕಾಯುತ್ತಿತ್ತು, ಸ್ನಾನವಾದಾಗ ಖಾಲಿಯಾಗುತ್ತಿತ್ತು. ಕುಡಿಯುವ ನೀರಿನ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು, ಬೂದಿ ಹಾಕಿ ಬೆಳಗದೆ ಮತ್ತೆ ತುಂಬಿದರೆ ಹಿರಿಯರು ಸುಮ್ಮನಿರುತ್ತಿರಲಿಲ್ಲ.

ದೀಪಾವಳಿಯ ಹೊಸ್ತಿಲಲ್ಲಿ, ನರಕ ಚತುರ್ದಶಿಯ ಹಿಂದಿನ ಸಂಜೆ ಬರುವ ನೀರು ತುಂಬುವ ಹಬ್ಬವಂತೂ ಪಾತ್ರೆ ತೊಳೆಯುವುದಕ್ಕೇ ಮೀಸಲಾದ ಹಬ್ಬ. ಬಚ್ಚಲು ಉಜ್ಜಿ, ಹಂಡೆಯ ಒಳಹೊರಗೆ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡಿದ ಮೇಲೇ ಮರುದಿನದ ಎಣ್ಣೆಸ್ನಾನ. ಈ ಸೀಮೆಯ ಮನೆಗಳಲ್ಲಿ ಆ ಹಬ್ಬ ಈಗಲೂ ಉಳಿದಿದೆ. ಹಂಡೆಯ ಜಾಗಕ್ಕೆ ಎಷ್ಟೋ ಕಡೆ ಗೀಸರು ಬಂದಿದೆ; ಬಳ್ಳಿಯನ್ನು ಬಕೆಟ್ಟಿಗೆ ಸುತ್ತುತ್ತಾರೆ.

ಬದಲಾದದ್ದು ಪಾತ್ರೆಯ ಗಾತ್ರ ಮತ್ತು ನೀರು ನಿಲ್ಲುವ ದಿನಗಳ ಲೆಕ್ಕ. ಹಂಡೆಯಲ್ಲಿ ಒಂದು ದಿನ ನಿಲ್ಲುತ್ತಿದ್ದ ನೀರು ಡ್ರಮ್ಮಿನಲ್ಲಿ ಹತ್ತು ಹದಿನೈದು ದಿನ ನಿಲ್ಲುತ್ತದೆ. ಮೇಲಿನ ಅರ್ಧ ಖರ್ಚಾಗುವಷ್ಟರಲ್ಲಿ ಮತ್ತೆ ನಲ್ಲಿ ಬರುತ್ತದೆ, ಹಳೆಯ ನೀರಿನ ಮೇಲೇ ಹೊಸ ನೀರು ಬೀಳುತ್ತದೆ. ತಳ ಕಾಣುವ ಗಳಿಗೆಯೇ ಬರುವುದಿಲ್ಲ. ತೊಳೆಯುವ ಅಭ್ಯಾಸ ಮಾತ್ರ ವರ್ಷಕ್ಕೊಮ್ಮೆಗೇ ನಿಂತಿದೆ.

ಏಳು ದಿನದ ಲೆಕ್ಕ

ಹೀಗೆ ಅಲುಗಾಡದೆ ನಿಂತ ತಿಳಿನೀರನ್ನು ಕಾಯುತ್ತಿರುವ ಜೀವಿಯೊಂದಿದೆ. ಕಪ್ಪು ಮೈಮೇಲೆ ಬಿಳಿ ಪಟ್ಟೆಯ ಈಡಿಸ್ ಸೊಳ್ಳೆ. ಡೆಂಗಿ, ಚಿಕೂನ್‌ಗುನ್ಯ, ಝೀಕಾ ಮೂರನ್ನೂ ಹರಡುವುದು ಇದೇ. ಚರಂಡಿಯ ಕೊಳಕು ನೀರು ಇದಕ್ಕೆ ಅಷ್ಟಾಗಿ ಒಗ್ಗದು. ಮನೆಯ ಡ್ರಮ್ಮು, ತೊಟ್ಟಿ, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂಬದಿಯ ತಟ್ಟೆ, ಹಿತ್ತಿಲ ಹಳೆಯ ಟೈರು ಇವೇ ಇಷ್ಟ. ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ರಾತ್ರಿ ಸೊಳ್ಳೆಪರದೆ ಕಟ್ಟಿಕೊಳ್ಳುವವರೂ ಹಗಲು ಮಗ್ಗದ ಮುಂದೆ ಬರಿಗಾಲಲ್ಲಿ ಕೂತಿರುತ್ತಾರೆ.

ಈ ಸೊಳ್ಳೆ ತತ್ತಿ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಪಾತ್ರೆಯ ಒಳಗೋಡೆಗೆ ಅಂಟಿಸಿದಂತೆ. ಒಂದು ಸಲಕ್ಕೆ ನೂರರ ಆಸುಪಾಸು. ನೀರು ಆರಿಹೋದರೂ ತತ್ತಿ ತಿಂಗಳುಗಟ್ಟಲೆ ಬದುಕಿರುತ್ತದೆ. ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ತತ್ತಿಯಿಂದ ಹುಳು, ಹುಳುವಿನಿಂದ ರೆಕ್ಕೆ ಬಂದ ಸೊಳ್ಳೆಯಾಗಲು ಬೆಚ್ಚನೆಯ ದಿನಗಳಲ್ಲಿ ಏಳರಿಂದ ಹತ್ತು ದಿನ ಸಾಕು. ಹುಟ್ಟಿದ ಜಾಗದಿಂದ ಇದು ಬಹಳ ದೂರ ಹಾರುವುದೂ ಇಲ್ಲ. ಮನೆಯವರನ್ನು ಕಚ್ಚುವ ಸೊಳ್ಳೆ ಬಹುಮಟ್ಟಿಗೆ ಆ ಮನೆಯದೋ ಪಕ್ಕದ ಮನೆಯದೋ ಆಗಿರುತ್ತದೆ.

ಇದು ದೂರದ ಊರಿನ ಸುದ್ದಿಯಲ್ಲ. 2023ರ ಆಗಸ್ಟ್‌ನಲ್ಲಿ ನೆರೆಯ ಚಿಕ್ಕಬಳ್ಳಾಪುರ ಜಿಲ್ಲೆಯ ತಲಕಾಯಲಬೆಟ್ಟದಲ್ಲಿ ಹಿಡಿದ ಸೊಳ್ಳೆಗಳಲ್ಲಿ ಝೀಕಾ ವೈರಾಣು ಇದ್ದುದು ಪರೀಕ್ಷೆಯಲ್ಲಿ ಗೊತ್ತಾಗಿ ಸುತ್ತಲ ಹಳ್ಳಿಗಳೆಲ್ಲ ಎಚ್ಚರಗೊಂಡವು. 2024ರಲ್ಲಿ ಡೆಂಗಿ ರಾಜ್ಯದಲ್ಲಿ ಎಷ್ಟು ಹೆಚ್ಚಿತೆಂದರೆ ಸೆಪ್ಟೆಂಬರಿನಲ್ಲಿ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಸೊಳ್ಳೆ ಹುಟ್ಟಲು ಬಿಟ್ಟ ಮನೆಗಳಿಗೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವೆಂದೂ ಗೊತ್ತುಮಾಡಿತು.

ದಂಡ ಕಟ್ಟಿದರೆ ಮುಗಿಯಿತು. ಜ್ವರ ಹಾಗಲ್ಲ. ಮಗ್ಗದ ಮನೆಯಲ್ಲಿ ಒಬ್ಬರು ಮಲಗಿದರೆ ಆ ಮಗ್ಗ ನಿಲ್ಲುತ್ತದೆ. ರಕ್ತ ಪರೀಕ್ಷೆಗೆ, ಡ್ರಿಪ್ಪಿಗೆ ಜೊತೆಯಲ್ಲಿ ಹೋಗುವ ಇನ್ನೊಬ್ಬರ ಕೆಲಸವೂ ನಿಲ್ಲುತ್ತದೆ. ಮಗುವಿಗೆ ಬಂದರಂತೂ ಪ್ಲೇಟ್‌ಲೆಟ್ ಎಣಿಕೆಯ ಚೀಟಿ ಕೈಗೆ ಬರುವವರೆಗೆ ಮನೆಮಂದಿಗೆಲ್ಲ ಅನ್ನ ಇಳಿಯುವುದಿಲ್ಲ.

ಸೊಳ್ಳೆಗೆ ಕಡಿಮೆಯೆಂದರೂ ಏಳು ದಿನ ಬೇಕು ಎಂಬ ಲೆಕ್ಕದಲ್ಲೇ ಇದಕ್ಕೆ ಮದ್ದೂ ಇದೆ. ಏಳನೆಯ ದಿನ ತುಂಬುವುದರೊಳಗೆ ಪಾತ್ರೆ ಬರಿದು ಮಾಡಿ, ಒಳಗೋಡೆ ತಿಕ್ಕಿ, ಬಿಸಿಲಿಗೆ ಒಣಗಿಸಿದರೆ ಸರಪಳಿ ಕಡಿದುಹೋಗುತ್ತದೆ. ಆರೋಗ್ಯ ಇಲಾಖೆಯವರು ಇದಕ್ಕೆ ‘ಡ್ರೈ ಡೇ’ ಎನ್ನುತ್ತಾರೆ. ಬಾರು ಬಾಗಿಲು ಹಾಕುವ ದಿನವೆಂದು ಗಂಡಸರು ತಮಾಷೆ ಮಾಡುವುದರಿಂದ ‘ಒಣದಿನ’ ಎನ್ನುವುದೇ ಮೇಲು. ವರ್ಷಕ್ಕೊಮ್ಮೆಯ ನೀರು ತುಂಬುವ ಹಬ್ಬವನ್ನು ವಾರಕ್ಕೊಮ್ಮೆ ಮಾಡುವುದು, ಅಷ್ಟೇ.

ಚೆಲ್ಲುವುದು ಹೇಗೆ?

ಮಾತು ಸುಲಭ. ಆದರೆ ಹೊಸಕೋಟೆ ಸೀಮೆಯ ಯಾವ ಹಳ್ಳಿಯ ಪಡಸಾಲೆಯಲ್ಲಿ ಈ ಮಾತೆತ್ತಿದರೂ ಏಳುವ ಆಕ್ಷೇಪ ಒಂದೇ. “ನಾಳಿಕ್ಕೆ ನಲ್ಲಿ ಬತ್ತದೋ ಇಲ್ವೋ, ಇರೋ ನೀರ್ನ ಚೆಲ್ಲಾದು ಹೆಂಗತ್ತೆ?” ಎನ್ನುತ್ತಾಳೆ ಸೊಸೆ. “ಚೆಲ್ಲು ಅಂತ ಯಾರಂದ್ರವ್ವಾ? ಖರ್ಚ್ ಮಾಡಿ ಬರಿದ್ ಮಾಡು” ಎಂಬುದು ಅತ್ತೆಯ ಉತ್ತರವಾದರೆ ಆ ಮನೆಯಲ್ಲಿ ಅರ್ಧ ಕೆಲಸ ಆದಂತೆಯೇ.

ಹೊಸಕೋಟೆ ಎಂದರೆ ಬಯಲಿನಂಥ ದೊಡ್ಡಕೆರೆ, ಸೊಪ್ಪು ತರಕಾರಿ, ಹೂವು, ಹಾಲು. ಹಸು ಕಟ್ಟಿದ ಮನೆಗಳಿಗೆ ನೀರನ್ನು ಎರಡು ಸಲ ದುಡಿಸುವುದನ್ನು ಯಾರೂ ಕಲಿಸಬೇಕಿಲ್ಲ. ಅಕ್ಕಿ ತೊಳೆದ ನೀರು, ಮಿಕ್ಕ ತಿಳಿ, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಬಾನಿಗೆ. ಅಲ್ಲಿಂದ ಹಸುವಿನ ಹೊಟ್ಟೆಗೆ. ಪಾತ್ರೆ ಬೆಳಗಿದ ನೀರು ಬಾಳೆಯ ಬುಡಕ್ಕೆ. ಇದೇ ಬುದ್ಧಿಯನ್ನು ಡ್ರಮ್ಮಿನ ತಳದ ನೀರಿಗೂ ಓಡಿಸಿದರಾಯಿತು. ತಳದಲ್ಲಿ ಉಳಿದ ಎರಡು ಕೊಡ ನೀರಿನಲ್ಲಿ ನೆಲ ಒರೆಸಬಹುದು, ಕೊಟ್ಟಿಗೆ ತೊಳೆಯಬಹುದು, ತೆಂಗಿನ ಬುಡಕ್ಕೆ ಹಾಕಬಹುದು. ಹುಳು ಇದ್ದ ನೀರಾದರೆ ಒಣ ಮಣ್ಣಿನ ಮೇಲೆ ಸುರಿಯಬೇಕು. ಮಣ್ಣು ನೀರನ್ನು ಕುಡಿಯುತ್ತದೆ, ಹುಳು ಸಾಯುತ್ತದೆ. ಚರಂಡಿಗೆ ಚೆಲ್ಲಿದರೆ ಅವು ಅಲ್ಲೇ ಬೆಳೆದಾವು.

ಇನ್ನು ದಿನ ಯಾವುದು? ಪಂಚಾಂಗ ನೋಡಬೇಕಿಲ್ಲ, ನೀರುಗಂಟಿಯನ್ನು ಕೇಳಿದರೆ ಸಾಕು. ನಲ್ಲಿ ಬರುವ ದಿನದ ಹಿಂದಿನ ಸಂಜೆ ಹೇಗೂ ಡ್ರಮ್ಮು ತಳ ಮುಟ್ಟಿರುತ್ತದೆ. ಅವತ್ತು ಬಟ್ಟೆ ಒಗೆದು, ಮನೆ ಸಾರಿಸಿ ಬರಿದು ಮಾಡಬೇಕು. ಬೆಳಗ್ಗೆ ತೆಂಗಿನ ನಾರಿನಿಂದಲೋ ಬ್ರಷ್ಷಿನಿಂದಲೋ ಒಳಗೋಡೆಯನ್ನು, ಮುಖ್ಯವಾಗಿ ನೀರಿನ ಗೆರೆ ಕಟ್ಟಿದ ಪಟ್ಟೆಯನ್ನು, ತಿಕ್ಕಿ ಬೋರಲು ಹಾಕಬೇಕು. ನೀರು ಬಿಡುವ ಹೊತ್ತಿಗೆ ಒಣಗಿರುತ್ತದೆ. ಬರಿಯ ಗಲಬರಿಸಿ ಬಿಟ್ಟರೆ ಅಂಟಿಕೊಂಡ ತತ್ತಿ ಅಲ್ಲೇ ಉಳಿಯುತ್ತದೆ. ಮೂರು ಡ್ರಮ್ಮು ಇದ್ದ ಮನೆಯವರು ಒಂದೇ ದಿನ ಮೂರನ್ನೂ ಬರಿದು ಮಾಡಬೇಕೆಂದಿಲ್ಲ. ಸರದಿ ಹಾಕಿಕೊಳ್ಳಬಹುದು, ಯಾವ ಡ್ರಮ್ಮಿನ ಸರದಿಯೂ ಏಳು ದಿನ ಮೀರಬಾರದು.

ಬೇಸಿಗೆಯಲ್ಲಿ ನಲ್ಲಿ ವಾರಕ್ಕಿಂತ ತಡವಾಗುವ ಬಡಾವಣೆಗಳಲ್ಲಿ ಇದು ಆಗದ ಮಾತು. ಅಲ್ಲಿ ಹಳೆಯ ಪಂಚೆಯೇ ಗತಿ. ಪಂಚೆಯನ್ನು ಎರಡು ಮಡಿಕೆ ಮಾಡಿ ಬಾಯಿಗೆ ಬಿಗಿಯಾಗಿ ಹೊದಿಸಿ ಹಗ್ಗ ಕಟ್ಟಿದರೆ ಸೊಳ್ಳೆ ಒಳಗೆ ಇಳಿಯದು. ಓರೆಯಾಗಿ ಕೂತ ಮುಚ್ಚಳ, ಸಂದು ಬಿಟ್ಟ ಕಲ್ಲುಚಪ್ಪಡಿ ಇವು ಮುಚ್ಚಿದ ಸಮಾಧಾನವನ್ನಷ್ಟೇ ಕೊಡುತ್ತವೆ. ಬರಿದು ಮಾಡಲಾಗದ ಸಂಪು, ಸಿಮೆಂಟ್ ತೊಟ್ಟಿಗಳಿಗೆ ಗಪ್ಪಿ, ಗಂಬೂಸಿಯಾ ಮೀನು ಬಿಡುವುದುಂಟು. ಮನೆಮನೆಗೆ ಬರುವ ಆಶಾ ಕಾರ್ಯಕರ್ತೆ ಟಾರ್ಚು ಹಿಡಿದು ಡ್ರಮ್ಮಿನೊಳಗೆ ನೋಡಿದರೆ ಮುಜುಗರ ಪಡಬೇಕಾಗಿಲ್ಲ. ಹುಳು ಕಂಡದ್ದು ಹೇಳಿದರೆ ಅದು ಮನೆಗೆ ಉಪಕಾರವೇ.

ಒಳಕಲ್ಲು ತೀರ್ಥ ಮತ್ತು ಮನೆಯ ನಲ್ಲಿ

ನೆಲಮಂಗಲ ದಾಟಿ ತುಮಕೂರು ರಸ್ತೆಯಲ್ಲಿ ಸಾಗಿ ಡಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿದರೆ ಶಿವಗಂಗೆ. ಬೆಟ್ಟ ಹತ್ತುವ ಭಕ್ತರು ಅರ್ಧ ದಾರಿಯಲ್ಲಿ ಒಳಕಲ್ಲು ತೀರ್ಥದ ಬಳಿ ಸಾಲುಗಟ್ಟಿ ನಿಲ್ಲುತ್ತಾರೆ. ಬಂಡೆಯಲ್ಲಿ ಒರಳಿನಂಥ ಕುಳಿ. ಕೈ ಇಳಿಸಿದಾಗ ನೀರು ಸಿಕ್ಕಿದರೆ ಪುಣ್ಯವಂತರು ಎಂಬ ನಂಬಿಕೆ. ನೀರು ತಾಗಿದವರ ಮುಖ ಅರಳುತ್ತದೆ.

ತೀರ್ಥದಲ್ಲಿ ಕೈ ಅದ್ದುವುದು ಪುಣ್ಯ. ಕುಡಿಯುವ ನೀರಿನ ಪಾತ್ರೆಯಲ್ಲಿ ಕೈ ಅದ್ದಿದರೆ ಹೊಟ್ಟೆನೋವು. ಶುದ್ಧ ನೀರಿನ ಘಟಕದಿಂದ ಇಪ್ಪತ್ತು ಲೀಟರಿನ ಕ್ಯಾನು ಹೊತ್ತು ತಂದು, ಅದನ್ನು ಅಗಲ ಬಾಯಿಯ ಪಾತ್ರೆಗೆ ಸುರಿದು, ಬಂದವರೆಲ್ಲ ಲೋಟ ಬೆರಳು ಸಮೇತ ಅದ್ದಿದರೆ ಘಟಕದಲ್ಲಿ ಶುದ್ಧವಾಗಿದ್ದ ನೀರು ಅಡುಗೆಮನೆಯಲ್ಲಿ ಕೆಡುತ್ತದೆ. ಕಿರಿದಾದ ಬಾಯಿ, ಕೆಳಗೊಂದು ನಲ್ಲಿ ಇರುವ ಪಾತ್ರೆಯಲ್ಲಿಟ್ಟ ನೀರು ಶುದ್ಧವಾಗಿ ಉಳಿಯುತ್ತದೆ, ಮಕ್ಕಳ ಭೇದಿ ಕಡಿಮೆಯಾಗುತ್ತದೆ ಎಂಬುದನ್ನು ಲೋಕದ ಹಲವು ಕಡೆಯ ಅಧ್ಯಯನಗಳು ಕಂಡುಕೊಂಡಿವೆ. ನಲ್ಲಿ ಹಾಕುವ ತನಕ ಉದ್ದ ಹಿಡಿಯ ಸೌಟಾದರೂ ಇರಲಿ.

ಬಳಕೆಯ ನೀರಿನ ದೊಡ್ಡ ಡ್ರಮ್ಮಿಗೂ ನಲ್ಲಿ ಕೂಡಿಸುವುದು ಅರ್ಧ ಗಂಟೆಯ ಕೆಲಸ. ತಳದಿಂದ ನಾಲ್ಕು ಬೆರಳು ಮೇಲೆ ತೂತು ಕೊರೆದು, ಒಳಗೂ ಹೊರಗೂ ರಬ್ಬರ್ ವಾಷರ್ ಕೊಟ್ಟು ಪ್ಲಾಸ್ಟಿಕ್ ನಲ್ಲಿಯನ್ನು ನಟ್ಟಿನಿಂದ ಬಿಗಿದರೆ ಆಯಿತು. ನಾಲ್ಕು ಬೆರಳು ಬಿಟ್ಟಿದ್ದರಿಂದ ತಳಕ್ಕಿಳಿದ ಮಣ್ಣು ನಲ್ಲಿಗೆ ಬರುವುದಿಲ್ಲ. ನಾಲ್ಕು ಸಿಮೆಂಟ್ ಇಟ್ಟಿಗೆ ಪೇರಿಸಿ, ಅಲುಗಾಡದಂತೆ ಡ್ರಮ್ಮನ್ನು ಅದರ ಮೇಲೆ ನಿಲ್ಲಿಸಿದರೆ ಬಿಂದಿಗೆ, ಬಕೆಟ್ಟು ಅಡಿಯಲ್ಲಿ ಇಡಬಹುದು.

ಈ ಒಂದು ನಲ್ಲಿಯಿಂದ ಆಗುವ ಅನುಕೂಲಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಬಗ್ಗಿ ಮೊಗೆಯುವುದು ತಪ್ಪುತ್ತದೆ. ಮೊಗೆಯಲು ಪದೇ ಪದೇ ತೆಗೆಯಬೇಕಿಲ್ಲವಾದ್ದರಿಂದ ಬಾಯಿಗೆ ಕಟ್ಟಿದ ಬಟ್ಟೆ ಕಟ್ಟಿದಂತೆಯೇ ಇರುತ್ತದೆ, ಸೊಳ್ಳೆಗೆ ದಾರಿ ಸಿಗುವುದಿಲ್ಲ. ಹೊಸ ನೀರು ಮೇಲಿನಿಂದ ಬಿದ್ದರೂ ಖರ್ಚಾಗುವುದು ಅಡಿಯ ನೀರು. ಒಣದಿನ ಬಂದಾಗ ನಲ್ಲಿ ತಿರುಗಿಸಿದರೆ ಡ್ರಮ್ಮು ತಾನೇ ಬರಿದಾಗುತ್ತದೆ. ಮಿಕ್ಕ ನಾಲ್ಕು ಬೆರಳು ನೀರಿಗೆ ಓರೆ ಮಾಡಿದರೆ ಸಾಕು. ಅಜ್ಜಿಯೂ ಕೂತಲ್ಲಿಂದಲೇ ಕೈಕಾಲು ತೊಳೆದುಕೊಳ್ಳಬಹುದು, ಸ್ಕೂಲಿಂದ ಬಂದ ಮಗುವೂ.

ಒಂದು ಎಚ್ಚರಿಕೆ ಮಾತ್ರ ಬೇಕು. ಡಾಬಸ್‌ಪೇಟೆ, ದೊಡ್ಡಬಳ್ಳಾಪುರ, ಹೊಸಕೋಟೆ ಮೂರೂ ಕಾರ್ಖಾನೆಗಳ ಜಾಗ. ರಾಸಾಯನಿಕ ತುಂಬಿ ಬಂದ ಡ್ರಮ್ಮುಗಳು ಗುಜರಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಎಷ್ಟು ಸಲ ತೊಳೆದರೂ ಅವನ್ನು ನೀರಿಗೆ ನಂಬುವಂತಿಲ್ಲ. ಮೊದಲು ಏನಿತ್ತೆಂದು ಗೊತ್ತಿಲ್ಲದ ಡ್ರಮ್ಮು ಮನೆಗೆ ಬೇಡ.

ಯಾರ ಕೆಲಸ?

“ಊರಿಗೆ ಬಂದವಳು ನೀರಿಗೆ ಬಾರದಿರುವಳೇ” ಎಂಬ ಗಾದೆ ಕಟ್ಟಿದವರಿಗೆ ನೀರು ಹೆಂಗಸಿನ ಕೆಲಸ ಎಂಬುದರಲ್ಲಿ ಅನುಮಾನವೇ ಇರಲಿಲ್ಲ. ವಾರಕ್ಕೊಂದು ಹೊಸ ಕೆಲಸವನ್ನೂ ಅವಳ ತಲೆಗೇ ಕಟ್ಟಿದರೆ ಮನೆ ಹಗುರಾಗುವ ಮಾತೆಲ್ಲಿ ಬಂತು? ಎರಡು ವಾರ ನಡೆದು ಮೂರನೆಯ ವಾರ ನಿಂತುಹೋಗುವ ರೂಢಿಗಳಲ್ಲಿ ಇದೂ ಒಂದಾದೀತು.

ಡ್ರಮ್ಮು ಬೋರಲು ಹಾಕಲು, ಇಟ್ಟಿಗೆಯ ಮೇಲೆ ಎತ್ತಿಡಲು ಬೇಕಾದ್ದು ತೋಳಿನ ಬಲ. ಮನೆಯ ಗಂಡಸರು ಅಷ್ಟಕ್ಕಾದರೂ ಒದಗಬಹುದು. ತಿಕ್ಕುವ ಕೆಲಸ ಇಬ್ಬರದಾಗಲಿ. ಹೂಕುಂಡದ ತಟ್ಟೆ, ತೆಂಗಿನ ಚಿಪ್ಪು, ಹಳೆಯ ಟೈರು, ತಾರಸಿಯ ಮೂಲೆ ಇವುಗಳ ತಪಾಸಣೆ ಮಕ್ಕಳಿಗೆ ಬಿಡಬೇಕು. ಬಾಟಲಿಯಲ್ಲಿ ನೀರು ಹಿಡಿದು ಕುಣಿಯುವ ಹುಳುವನ್ನು ಒಮ್ಮೆ ತೋರಿಸಿದರೆ ಸಾಕು, ಮುಂದಿನ ವಾರದಿಂದ ಅವರು ಪಕ್ಕದ ಮನೆಯ ಡ್ರಮ್ಮನ್ನೂ ಬಿಡುವುದಿಲ್ಲ. ಪಕ್ಕದ ಮನೆಯ ಸೊಳ್ಳೆಗೆ ಗೋಡೆ ಅಡ್ಡಿಯಲ್ಲವಾದ್ದರಿಂದ ಅದೂ ಬೇಕಾದದ್ದೇ. ಬೀದಿಗೆಲ್ಲ ನೀರು ಬಿಡುವುದು ಒಂದೇ ದಿನ. ಒಣದಿನವೂ ಬೀದಿಗೆಲ್ಲ ಒಂದೇ ಆದರೆ ಮಿಕ್ಕ ಆರು ದಿನ ಎಲ್ಲರಿಗೂ ನಿಶ್ಚಿಂತೆ.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನಗಳು ಇಳಿಯತೊಡಗಿದ ಮೇಲೆ ಈ ಸೀಮೆಯಲ್ಲಿ ಬದಲಾಗದ್ದು ಯಾವುದೂ ಇಲ್ಲ ಎನ್ನಿಸುತ್ತದೆ. ಚಕ್ಕೋತದ ತೋಟಗಳ ಪಕ್ಕದಲ್ಲಿ ಬಡಾವಣೆಗಳೆದ್ದಿವೆ. 2024ರ ಸೆಪ್ಟೆಂಬರಿನಲ್ಲಿ ಮೊದಲ ಹಂತಕ್ಕೆ ಚಾಲನೆ ಪಡೆದ ಎತ್ತಿನಹೊಳೆ ಯೋಜನೆಯ ಫಲಾನುಭವಿ ಜಿಲ್ಲೆಗಳ ಪಟ್ಟಿಯಲ್ಲಿ ಇದರ ಹೆಸರೂ ಇದೆ. ಪಶ್ಚಿಮಘಟ್ಟದ ನೀರು ಬಂದರೂ ಬಿಟ್ಟರೂ, ಬಂದ ನೀರು ಕೊನೆಗೆ ನಿಲ್ಲುವುದು ಮನೆಯ ಪಾತ್ರೆಯಲ್ಲೇ. ಕೆರೆಯ ಹೂಳು ತೆಗೆಯಲು ಊರು ಕೂಡಬೇಕು, ಪೈಪು ಎಳೆಯಲು ಸರ್ಕಾರ ಬರಬೇಕು. ಡ್ರಮ್ಮು ತಿಕ್ಕಲು ಯಾರ ಅಪ್ಪಣೆಯೂ ಬೇಡ. ಒಂದು ಹಿಡಿ ತೆಂಗಿನ ನಾರು, ಒಂದು ಹಳೆಯ ಪಂಚೆ, ಒಂದು ಪ್ಲಾಸ್ಟಿಕ್ ನಲ್ಲಿ, ವಾರದಲ್ಲಿ ಒಂದು ಬೆಳಗು ಇಷ್ಟಿದ್ದರೆ ಮುಂದಿನ ಸಲ ನೀರು ಬಿಡುವ ದಿನದಿಂದಲೇ ಶುರುಮಾಡಬಹುದು.